ಹೈಡ್ರಾಕ್ಸಿಯೂರಿಯಾ 500 ಮಿ.ಗ್ರಾಂ. ಕ್ಯಾಪ್ಸೂಲ್: ಔಷಧಕ್ಕೆ ಮೆಚ್ಚುಗೆ, ಮಾರುವ ರೀತಿಗೆ ಆಕ್ಷೇಪ

ವಿಜಯಪುರದಲ್ಲಿರುವ ನಮ್ಮ ದೊಡ್ಡಪ್ಪನವರಿಗೆ ಪಾಲಿಸೈಥೀಮಿಯಾ ವೆರಾ ಎಂಬ ರಕ್ತದ ಕಾಯಿಲೆ ಇರುವುದು ತಪಾಸಣೆಯಲ್ಲಿ ತಿಳಿದ ಮೇಲೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಜೊತೆಗೆ ಬರೆದುಕೊಟ್ಟ ಮುಖ್ಯ ಔಷಧ ಹೈಡ್ರಾಕ್ಸಿಯೂರಿಯಾ. ಔಷಧ ಹೇಗಿದೆ, ನಮ್ಮ ಊರಿನ ಅಂಗಡಿಗಳಲ್ಲಿ ಅದು ಹೇಗೆ ಕೈಗೆ ಬರುತ್ತದೆ ಎಂಬೆರಡನ್ನೂ ಇಲ್ಲಿ ವಿಮರ್ಶಿಸಿದ್ದೇನೆ.

ಈ ಕಾಯಿಲೆಯಲ್ಲಿ ಅಸ್ಥಿಮಜ್ಜೆಯು ಕೆಂಪು ರಕ್ತಕಣಗಳನ್ನು ಅತಿಯಾಗಿ ತಯಾರಿಸುವುದರಿಂದ ರಕ್ತ ಮಂದವಾಗಿ, ಹೆಪ್ಪುಗಟ್ಟಿ, ಪಾರ್ಶ್ವವಾಯು ಅಥವಾ ಹೃದಯಾಘಾತಕ್ಕೆ ದಾರಿಯಾಗಬಹುದು. ಬಹುತೇಕ ರೋಗಿಗಳಲ್ಲಿ ಇದರ ಮೂಲ ಜಾಕ್2 ಜೀನಿನಲ್ಲಾದ ಬದಲಾವಣೆಯೆಂದು 2005ರಲ್ಲಿ ಗೊತ್ತಾಯಿತು. ಹೈಡ್ರಾಕ್ಸಿಯೂರಿಯಾ ಆ ಮೂಲವನ್ನು ಸರಿಪಡಿಸುವುದಿಲ್ಲ. ಹೊಸ ಕಣಗಳಿಗೆ ಬೇಕಾದ ಡಿಎನ್‌ಎ ತಯಾರಿಗೆ ನೆರವಾಗುವ ಒಂದು ಕಿಣ್ವವನ್ನು ತಡೆದು ಮಜ್ಜೆಯ ವೇಗವನ್ನು ತಗ್ಗಿಸುತ್ತದೆ. ಆದ್ದರಿಂದ ಇದನ್ನು ರೋಗ ಗುಣಪಡಿಸುವ ಗುಳಿಗೆ ಎನ್ನುವುದಕ್ಕಿಂತ ರೋಗವನ್ನು ಹತೋಟಿಯಲ್ಲಿಡುವ ಗುಳಿಗೆ ಎನ್ನುವುದೇ ಸರಿ. ಅಮೆರಿಕದಲ್ಲಿ 1967ರಲ್ಲಿ ಇದು ಕ್ಯಾನ್ಸರ್ ಔಷಧವಾಗಿ ಒಪ್ಪಿಗೆ ಪಡೆಯಿತು. 1998ರಲ್ಲಿ, ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ರೋಗಕ್ಕೂ ಒಪ್ಪಿಗೆ ದೊರೆಯಿತು, ಏಕೆಂದರೆ ಆ ರೋಗಿಗಳಲ್ಲಿ ಇದು ಕಣಗಳ ಆಕಾರ ಕೆಡುವುದನ್ನು ತಗ್ಗಿಸುವ ಭ್ರೂಣಾವಸ್ಥೆಯ ಹಿಮೊಗ್ಲೋಬಿನ್ನನ್ನು ಹೆಚ್ಚಿಸುತ್ತದೆ. ಹೀಗೆ ಬೇರೆ ಬೇರೆ ಕಾಯಿಲೆಗಳಿಗೆ ಬಳಸುವ ಔಷಧವಾದ್ದರಿಂದ ಒಬ್ಬರ ಪ್ರಮಾಣ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಫಲಿತಾಂಶದ ಬಗ್ಗೆ ನನಗೆ ತಕರಾರಿಲ್ಲ. ಪಿಸಿವಿ ಎಂದು ಲ್ಯಾಬ್ ವರದಿಯಲ್ಲಿ ಕಾಣುವ ಅಂಕಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ. 45ಕ್ಕಿಂತ ಕೆಳಗಿರಬೇಕೆಂಬುದು ಚಿಕಿತ್ಸೆಯ ಗುರಿ. ಮೊದಲು ಕೆಂಪು ಕಣಗಳನ್ನು ಇಳಿಸಲು ಮೈಯಿಂದ ರಕ್ತ ತೆಗೆಸಿಕೊಂಡು, ಬಳಿಕ ಈ ಕ್ಯಾಪ್ಸೂಲಿನ ಬಲದಿಂದ ದೊಡ್ಡಪ್ಪನವರು ಆ ಮಟ್ಟಕ್ಕೆ ಬಂದಿದ್ದಾರೆ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದರಿಂದ ಇದರ ಬೆಲೆಗೆ ಸರ್ಕಾರದ ಮಿತಿಯೂ ಇದೆ. ಆದರೆ ರಕ್ತಕಣಗಳನ್ನು ಎಣಿಸುವ ಸಿಬಿಸಿ ತಪಾಸಣೆಯಿಲ್ಲದೆ ಇದನ್ನು ನುಂಗುವುದು ಅಪಾಯ. ಕೆಂಪು ಕಣಗಳ ಜೊತೆಗೆ ಬಿಳಿ ಕಣ, ಪ್ಲೇಟ್‌ಲೆಟ್‌ಗಳೂ ಇಳಿಯುವುದರಿಂದ ಜ್ವರ ಬಂದರೆ, ಎಲ್ಲಾದರೂ ರಕ್ತಸ್ರಾವ ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ವರದಿಯಲ್ಲಿ ಎಂಸಿವಿ, ಅಂದರೆ ಕೆಂಪು ಕಣಗಳ ಸರಾಸರಿ ಗಾತ್ರ, ಏರಿದ್ದನ್ನು ಕಂಡು ನಮ್ಮ ಮನೆಯವರೆಲ್ಲ ಗಾಬರಿಯಾಗಿದ್ದರು. ಅದು ಈ ಔಷಧದಿಂದ ಸಾಮಾನ್ಯವಾಗಿ ಆಗುವ ಬದಲಾವಣೆ. ಉಗುರು ಕಪ್ಪಾಗುವುದು, ಬಾಯಿಹುಣ್ಣು, ಕಾಲಿನ ಮೇಲೆ ಬೇಗ ಮಾಯದ ಹುಣ್ಣು ಇವುಗಳನ್ನು ಮಾತ್ರ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ದೀರ್ಘಕಾಲ ಸೇವಿಸುವವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಇರುವುದರಿಂದ ಬಿಸಿಲಿಗೆ ಮೈ ಮುಚ್ಚಿಕೊಳ್ಳುವುದು ಅಗತ್ಯ, ಮತ್ತು ವಿಜಯಪುರದ ಏಪ್ರಿಲ್-ಮೇ ಬಿಸಿಲಿನಲ್ಲಿ ಅದು ಸುಲಭದ ಮಾತಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಇನ್ನಷ್ಟು ಮಂದವಾಗುವುದರಿಂದ ನೀರು, ಮಜ್ಜಿಗೆಗಳ ಬಗ್ಗೆ ದೊಡ್ಡಮ್ಮನವರು ಕಟ್ಟುನಿಟ್ಟಾಗಿದ್ದಾರೆ.

ಇನ್ನು ಮಾರುವವರ ವಿಷಯ. ಮೊದಲು ನಾವು ಹೋದ ಮೆಡಿಕಲ್ ಅಂಗಡಿಯಲ್ಲಿ ಸ್ಟ್ರಿಪ್ಪನ್ನು ಕತ್ತರಿಸಿ, ಔಷಧದ ಹೆಸರಾಗಲಿ ಅವಧಿ ಮುಗಿಯುವ ದಿನಾಂಕವಾಗಲಿ ಉಳಿಯದಂತೆ ಕಾಗದದ ಕವರಿನಲ್ಲಿ ಹಾಕಿ ಕೊಟ್ಟರು. ಬಿಲ್ಲನ್ನು ಕೇಳಿ ಪಡೆಯಬೇಕಾಯಿತು. ವಯಸ್ಸಾದವರು ನುಂಗಲು ಕಷ್ಟಪಟ್ಟರೆ ಕ್ಯಾಪ್ಸೂಲ್ ಬಿಡಿಸಿ ಬೆಲ್ಲದಲ್ಲಿ ಕಲಸಿ ಕೊಡಿ ಎಂಬ ಸಲಹೆಯೂ ಅಲ್ಲಿ ಸಿಕ್ಕಿತು. ಇದು ಖಂಡಿತ ಕೂಡದು. ಇದರ ಪುಡಿ ಮೈಗೆ ತಾಗಬಾರದು. ಕ್ಯಾಪ್ಸೂಲ್ ಕೊಡುವವರು ಕೈಗವಸು ಹಾಕಿಕೊಳ್ಳಬೇಕು, ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯಬೇಕು, ಗರ್ಭಿಣಿಯರಂತೂ ಒಡೆದ ಕ್ಯಾಪ್ಸೂಲನ್ನು ಮುಟ್ಟಲೇಬಾರದು.

ಈಗ ನಾವು ಕೊಳ್ಳುತ್ತಿರುವುದು ಗಾಂಧಿಚೌಕದ ಕಡೆಯ ಇನ್ನೊಂದು ಅಂಗಡಿಯಲ್ಲಿ. ದಾಸ್ತಾನು ಇಲ್ಲದಿದ್ದರೆ ತರಿಸಿಕೊಡಲು ಸ್ವಲ್ಪ ತಡವಾಗುತ್ತದೆ, ಆ ದೂರು ಇದ್ದೇ ಇದೆ. ಆದರೂ ಇಡೀ ಸ್ಟ್ರಿಪ್ಪನ್ನೇ ಕೊಡುತ್ತಾರೆ, ಬ್ಯಾಚ್ ಸಂಖ್ಯೆ ಬಿಲ್ಲಿನಲ್ಲಿರುತ್ತದೆ, ವೈದ್ಯರ ಚೀಟಿ ನೋಡದೆ ಕೊಡುವುದಿಲ್ಲ. ಸ್ಟ್ರಿಪ್ಪಿನ ಜೊತೆಗೆ ಕನ್ನಡದ ಸೂಚನೆ ಬರುವುದಿಲ್ಲವಾದ್ದರಿಂದ, ಅಲ್ಲಿನ ಫಾರ್ಮಸಿಸ್ಟ್ ಕವರಿನ ಮೇಲೆ ಪೆನ್ನಿನಲ್ಲಿ ‘ಬಿಡಿಸಬೇಡಿ, ರಕ್ತ ತಪಾಸಣೆ ತಪ್ಪಿಸಬೇಡಿ’ ಎಂದು ಬರೆದುಕೊಡುತ್ತಾರೆ. ತಯಾರಿಕಾ ಕಂಪನಿಗಳು ಅಚ್ಚು ಹಾಕಿಸಿ ಕೊಡಬೇಕಾದ ಮಾತು ಅದು.