ಮಲೆನಾಡಿನ ಮಳೆಗಾಲದಲ್ಲಿ ಅರಗಿನ ಪಾಲಿಶ್

ಕಂಪ್ರೆಸರ್ ಆಗಲಿ ಸ್ಪ್ರೇ ಗನ್ ಆಗಲಿ ಇಲ್ಲದೆ, ಬಟ್ಟೆ ಮತ್ತು ಬ್ರಷ್‌ನಲ್ಲೇ ಕೆಲಸ ಮುಗಿಸುವ ಶಿವಮೊಗ್ಗ ಸೀಮೆಯ ಸಣ್ಣ ಬಡಗಿ ಶೆಡ್ಡಿಗೆ ಹೇಳಿ ಮಾಡಿಸಿದ ಪಾಲಿಶ್ ಎಂದು ನಾನು ಚಕ್ಕೆ ಅರಗನ್ನು, ಅಂದರೆ ಶೆಲ್ಯಾಕ್ ಅನ್ನು, ಶಿಫಾರಸು ಮಾಡುತ್ತೇನೆ. ಆದರೆ ಊಟದ ಮೇಜಿಗೆ ಮಾತ್ರ ಬೇಡ. ಬಿಸಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಮೂಡುತ್ತದೆ, ಸೋಪಿನ ನೀರಿಗೂ ಅದು ತಾಳುವುದಿಲ್ಲ. ಅಂಥ ಮೇಜಿಗೆ ಪಿಯು, ಅಂದರೆ ಪಾಲಿಯುರೆಥೇನ್ ವಾರ್ನಿಶ್, ಹಚ್ಚುವುದೇ ಸರಿ.

ಮುತ್ತುಗ, ಬೋರೆಯಂಥ ಮರಗಳ ಕೊಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ರಾಳವೇ ಈ ಚಕ್ಕೆ. ಚನ್ನಪಟ್ಟಣದ ಬೊಂಬೆಗಳಿಗೆ ಇದೇ ಅರಗನ್ನು ಲೇತ್‌ನಲ್ಲಿ ತಿರುಗುವ ಮರಕ್ಕೆ ಒತ್ತಿ, ಆ ತಿಕ್ಕಾಟದ ಬಿಸಿಯಲ್ಲೇ ಕರಗಿಸಿ ಹಚ್ಚುತ್ತಾರೆ. ನಾವು ಸ್ಪಿರಿಟ್‌ನಲ್ಲಿ, ಅಂದರೆ ಪಾಲಿಶ್‌ಗೆ ಬಳಸುವ ಆಲ್ಕೊಹಾಲ್‌ನಲ್ಲಿ, ನೆನೆಸುತ್ತೇವೆ. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಹಾಕಿದರೆ ಸೀಲರ್, ಅಂದರೆ ಮರದ ರಂಧ್ರ ಮುಚ್ಚುವ ಮೊದಲ ಕೋಟ್, ಆಗುವಷ್ಟು ತೆಳು, 240 ಗ್ರಾಂ ಹಾಕಿದರೆ ಬ್ರಷ್‌ಗೆ ತಕ್ಕ ದಪ್ಪ. ಹಲಸಿನ ಹಲಗೆಯನ್ನು 220ರ ಮರಳು ಕಾಗದದಲ್ಲಿ ಉಜ್ಜಿ, ಧೂಳು ತೆಗೆದು ಮೊದಲ ಕೋಟ್ ಎಳೆದಾಗ, ಪೇಲವ ಹಳದಿ ಬಣ್ಣ ಒಮ್ಮೆಲೇ ಜೇನಿನ ಬಣ್ಣಕ್ಕೆ ತಿರುಗುವುದನ್ನು ನೋಡಿದವರು ಮತ್ತೆ ಡಬ್ಬಿ ವಾರ್ನಿಶ್‌ಗೆ ಸುಲಭವಾಗಿ ಮರಳುವುದಿಲ್ಲ. ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗುತ್ತದೆ. ಹೊಸ ಕೋಟ್ ಹಳೆಯದನ್ನು ತುಸು ಕರಗಿಸಿ ಅದರೊಂದಿಗೆ ಬೆರೆಯುವುದರಿಂದ, ವರ್ಷಗಳ ನಂತರದ ರಿಪೇರಿಯೂ ಕಷ್ಟವಲ್ಲ.

ಕಷ್ಟ ಇರುವುದು ಆಷಾಢದ ಮಳೆಯಲ್ಲಿ. ಸ್ಪಿರಿಟ್ ಆರುವಾಗ ಮರದ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕುಳಿತು ಹೊಗೆ ಕಟ್ಟಿದ ಗಾಜಿನಂತೆ ಪಾಲಿಶ್ ಬೆಳ್ಳಗಾಗುತ್ತದೆ. ತೀರ್ಥಹಳ್ಳಿ, ಆಗುಂಬೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ಹೊಳವಾದ ಮಧ್ಯಾಹ್ನ ನೋಡಿ, ಸ್ಪಿರಿಟ್ ತುಸುವೇ ತಾಗಿಸಿದ ಹತ್ತಿಬಟ್ಟೆಯ ಉಂಡೆಯನ್ನು ಹಗುರವಾಗಿ ಎಳೆದರೆ ಆ ಮಬ್ಬು ಸಾಮಾನ್ಯವಾಗಿ ಹೋಗುತ್ತದೆ. ಸಂಜೆ ಹೊತ್ತು ಪಾಲಿಶ್ ಹಿಡಿಯದಿರುವುದು ಇದಕ್ಕಿಂತ ಒಳ್ಳೆಯದು.

ಬೀಟೆ, ತೇಗದಂಥ ಎಣ್ಣೆಯ ಮರಗಳಲ್ಲಿ ವಾರ್ನಿಶ್ ಒಣಗಲು ಸತಾಯಿಸುತ್ತದೆ. ಅವುಗಳಿಗೆ ಮೊದಲು ಅರಗಿನ ತೆಳು ಕೋಟ್ ಕೊಟ್ಟು ಆಮೇಲೆ ಪಿಯು ಹಚ್ಚಬಹುದು. ಆದರೆ ಆ ಅರಗು ಮೇಣ ತೆಗೆದದ್ದೇ ಆಗಿರಬೇಕು, ಇಲ್ಲವಾದರೆ ಮೇಲಿನ ಪದರ ಸರಿಯಾಗಿ ಹಿಡಿಯದೆ ಎದ್ದು ಬರಬಹುದು. ಅಂಗಡಿಯಲ್ಲಿ ಅಂಥ ಚಕ್ಕೆ ಸಿಗದಿದ್ದರೆ, ಸಾಮಾನ್ಯ ಚಕ್ಕೆಯನ್ನೇ ನೆನೆಸಿ ಬಾಟಲಿಯನ್ನು ಅಲುಗಾಡಿಸದೆ ಇಟ್ಟು, ಮೇಣ ಅಡಿಗೆ ಕೂತ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬಹುದು, ತಾಳ್ಮೆ ಇದ್ದವರು.

ಕಲೆಸಿಟ್ಟ ರೆಡಿಮೇಡ್ ಪಾಲಿಶ್‌ಗಿಂತ ಚಕ್ಕೆಯನ್ನೇ, ಅದೂ ಬೇಕಾದಷ್ಟನ್ನೇ ಕೊಳ್ಳಿ. ನೆನೆಸಿದ ಅರಗು ತಿಂಗಳುಗಳು ಕಳೆದಂತೆ ಒಣಗುವ ಗುಣ ಕಳೆದುಕೊಳ್ಳುತ್ತದೆ. ಅನುಮಾನ ಬಂದರೆ ಗಾಜಿನ ತುಂಡಿನ ಮೇಲೆ ಒಂದು ಹನಿ ಹರಡಿ ಮರುದಿನ ಉಗುರಿನಿಂದ ಕೆರೆದು ನೋಡಿ. ಅಂಟಂಟಾಗಿದ್ದರೆ ಆ ಬಾಟಲಿಯನ್ನು ಮರದ ಹತ್ತಿರ ತರಬೇಡಿ.