ಪ್ರಬಂಧದ ಕರಡಿಗೆ ಪಿನ್ ಹೊಡೆದ ಉದ್ದ ನೋಟ್‌ಬುಕ್
ಧಾರವಾಡದ ಸುಭಾಸ ರಸ್ತೆಯ ಕಡೆ ಸಿಗುವ 54 ಜಿಎಸ್‌ಎಂ (ಚದರ ಮೀಟರ್ ಕಾಗದಕ್ಕೆ 54 ಗ್ರಾಂ ತೂಕ, ಅಂದರೆ ತೆಳು ಹಾಳೆ) ಉದ್ದ ನೋಟ್‌ಬುಕ್ಕಿನ ರಟ್ಟು ಚಂದ, ಒಳಗೆ ಅಷ್ಟಕ್ಕಷ್ಟೇ. ಬಾಲ್‌ಪೆನ್ನಿಗೆ ಅಡ್ಡಿಯಿಲ್ಲ. ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಮೂಡಿ, ‘ಷ್ಟ್ರ’, ‘ಸ್ತ್ರ’ದಂಥ ಒತ್ತಕ್ಷರ ಗೋಜಲಾಗುತ್ತವೆ. ಗೆರೆಗಳ ಅಂತರ ಇಂಗ್ಲಿಷಿಗೆ ಸರಿ. ಕನ್ನಡದ ಒತ್ತು ಕೆಳಗಿನ ಸಾಲಿಗೆ ಇಳಿಯುತ್ತದೆ. ಸಾಲು ಬಿಟ್ಟು ಬರೆಯಿರಿ, ತಿದ್ದಲೂ ಜಾಗ ಸಿಗುತ್ತದೆ. ಪುಟಕ್ಕೆ 12 ಸಾಲು, ಸಾಲಿಗೆ 6 ಪದ ಹಿಡಿದರೆ 500 ಪದದ ಪ್ರಬಂಧಕ್ಕೆ 7 ಪುಟ ಬೇಕು. ಓದಿದ ಪ್ರಬಂಧದ ಟಿಪ್ಪಣಿ ಎಡಪುಟಕ್ಕೆ, ಸ್ವಂತ ಬರಹ ಬಲಪುಟಕ್ಕೆ ಇರಲಿ. ಬರೆದದ್ದು ಸೇರಲಿಲ್ಲವೆಂದು ಹಾಳೆ ಮಾತ್ರ ಹರಿಯಬೇಡಿ: ಪಿನ್ನಿನ ಆಚೆಗಿನ ಜೋಡಿ ಹಾಳೆಯೂ ಸಡಿಲಾಗಿ, ಮುಕ್ತಾಯದ ಪ್ಯಾರಾವೇ ಕಳಚಿ ಬೀಳುತ್ತದೆ.