ಕೊರಿಯಾದಲ್ಲಿ ಹಾಸಿಗೆ-ಹೊದಿಕೆ: ಚಳಿ, ಮಳೆ ಎರಡೂ ಕಂಡ ಮೇಲೆ ಬರೀತಿರೋ ರಿವ್ಯೂ

ಸುವೊನ್‌ಗೆ ಕೆಲಸಕ್ಕೆ ಅಂತ ಬರೋ ನಮ್ಮವರು ಮೊದಲು ಕೇಳೋದು ತೊಗರಿಬೇಳೆ ಎಲ್ಲಿ ಸಿಗುತ್ತೆ ಅಂತ, ಆಮೇಲೆ ಕೇಳೋದು ಬೆನ್ನು ನೋಯ್ತಿದೆ ಒಳ್ಳೆ ಹಾಸಿಗೆ ಎಲ್ಲಿ ಸಿಗುತ್ತೆ ಅಂತ. ಎಲ್ಲರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ, ಇಲ್ಲೇ ಬರೆದುಬಿಡ್ತೀನಿ.

ಮೊದಲು ಒಂದು ವಿಷಯ ತಲೇಲಿಟ್ಕೊಳ್ಳಿ, ಇಲ್ಲಿ ಮನೆ ಬೆಚ್ಚಗಾಗೋದು ನೆಲದಿಂದ. ಒಂದೊಲ್ ಅಂತಾರೆ, ಬಾಯ್ಲರ್‌ನಲ್ಲಿ ಕಾದ ನೀರು ನೆಲದ ಕೆಳಗಿರೋ ಪೈಪಲ್ಲಿ ಓಡ್ತಾ ಇರುತ್ತೆ. ಅದಕ್ಕೇ ಇಲ್ಲಿ ತುಂಬಾ ಜನ ಇವತ್ತಿಗೂ ನೆಲದ ಮೇಲೆ ಯೊ ಹಾಸ್ಕೊಂಡು ಮಲಗ್ತಾರೆ, ಬೆಳಿಗ್ಗೆ ಮಡಚಿ ಎತ್ತಿಡ್ತಾರೆ, ನಮ್ಮಜ್ಜಿ ಮನೇಲಿ ಹಾಸಿಗೆ ಸುತ್ತಿ ಮೂಲೆಗೆ ಇಡ್ತಿದ್ದಂಗೆ. ಯೊ ಅಂದ್ರೆ ತೆಳು ಗಾದಿ, ಹತ್ತಿದು ಆದ್ರೆ ನಮಗೆ ಒಗ್ಗುತ್ತೆ, ಆದ್ರೆ ಊರಲ್ಲಿ ಫೋಮ್ ಬೆಡ್ ಮೇಲೆ ಮಲಗಿ ಅಭ್ಯಾಸ ಆದೋರಿಗೆ ಮೊದಮೊದಲು ಸೊಂಟ ಹಿಡ್ಕೊಳ್ಳುತ್ತೆ. ವನ್‌ರೂಮಲ್ಲಿ, ಅಂದ್ರೆ ಒಂದೇ ಕೋಣೆ ಬಾಡಿಗೆ ಮನೇಲಿ, ಓನರ್ ಕೊಟ್ಟಿರೋ ಮಂಚ, ಮ್ಯಾಟ್ರೆಸ್ ಇದ್ರೂ ಅದು ಸಾಮಾನ್ಯವಾಗಿ ಗಟ್ಟಿ ಸ್ಪ್ರಿಂಗಿಂದು, ನನ್ನ ರೂಮಿಂದಂತೂ ಹಲಗೆ.

ನಾನು ಜಾಸ್ತಿ ದಿನ ಬಳಸಿರೋದು ಮೂರು ಮಡಿಕೆ ಟಾಪರ್ (ನೆಲದ ಮೇಲೋ ಮಂಚದ ಮೇಲೋ ಹಾಸೋ ತೆಳು ಫೋಮ್ ಹಾಸಿಗೆ), ಸೂಪರ್ ಸಿಂಗಲ್ ಸೈಜು, ಅಂದ್ರೆ 110x200 ಸೆಂ.ಮೀ. ಆನ್‌ಲೈನಲ್ಲಿ ತಗೊಂಡ್ರೆ ಗಾಳಿ ತೆಗೆದು ಸುತ್ತಿ ಕಳಿಸ್ತಾರೆ, ಬಿಚ್ಚಿದ ಮೇಲೆ ಉಬ್ಕೊಂಡು ಮತ್ತೆ ಆ ಕವರಲ್ಲಿ ಹಿಡಿಸೋದೇ ಇಲ್ಲ, ಅದಕ್ಕೆ ರಿಟರ್ನ್ ಧೈರ್ಯದ ಮೇಲೆ ಆರ್ಡರ್ ಮಾಡಬೇಡಿ, ಆದಷ್ಟೂ ಅಂಗಡಿಗೆ ಹೋಗಿ ಒಂದ್ಸಲ ಮಲಗಿ ನೋಡಿ. ಗಿಹುಂಗ್ ಐಕಿಯಾ ನಮಗೆ ಹತ್ತಿರ, ಅಲ್ಲಿ ಶೂ ಬಿಚ್ಚಿ ಮಲಗಿದ್ರೂ ಯಾರೂ ಏನೂ ಅನ್ನಲ್ಲ. ಮೆಮೊರಿ ಫೋಮ್ ಬೇಡ ಅಂತೀನಿ. ಅದು ಬಿಸಿಗೆ ಮೆತ್ತಗಾಗೋ ಜಾತಿ, ಒಂದೊಲ್ ಜೋರಾಗಿ ಹಾಕಿದ ರಾತ್ರಿ ಸೊಂಟದ ಹತ್ರ ಕುಸಿದು ಹೋಗುತ್ತೆ, ಜೊತೆಗೆ ದಪ್ಪ ಇದ್ದಷ್ಟೂ ನೆಲದ ಬಿಸಿ ಮೈಗೆ ತಲುಪೋದೇ ಇಲ್ಲ, ಗ್ಯಾಸ್ ಬಿಲ್ ಮಾತ್ರ ತಲುಪುತ್ತೆ. ಒಂಚೂರು ಗಟ್ಟಿ ಇರೋ ಮಾಮೂಲಿ ಫೋಮ್, ಐದಾರು ಸೆಂಟಿಮೀಟರ್, ಸಾಕು.

ಟಾಪರ್‌ಗೆ ನಿಜವಾದ ಪರೀಕ್ಷೆ ಬರೋದು ಚಳೀಲಲ್ಲ, ಜಾಂಗ್ಮಾದಲ್ಲಿ, ಅಂದ್ರೆ ಇಲ್ಲಿನ ಮಳೆಗಾಲದಲ್ಲಿ. ಜೂನ್ ಕೊನೆಯಿಂದ ಜುಲೈವರೆಗೆ ಮಳೆ ಹಿಡ್ಕೊಳ್ಳುತ್ತೆ, ನೆಲ ತಣ್ಣಗೆ, ಮೇಲೆ ಮೈ ಬೆವರು, ಬೆಳಿಗ್ಗೆ ಎತ್ತಿ ನೋಡಿದ್ರೆ ಟಾಪರ್ ಕೆಳಗೆ ನೆಲ ಒದ್ದೆ ಇರುತ್ತೆ. ನಾಲ್ಕು ದಿನ ಎತ್ತದೆ ಬಿಟ್ರೆ ಅಂಚಲ್ಲಿ ಕಪ್ಪು ಚುಕ್ಕೆ ಶುರು. ಪರಿಹಾರ ಏನೂ ದೊಡ್ಡದಲ್ಲ, ದಿನಾ ಎದ್ದ ತಕ್ಷಣ ಗೋಡೆಗೆ ಒರಗಿಸಿ ನಿಲ್ಲಿಸೋದು, ಎಸಿಯ ಡ್ರೈ ಮೋಡ್ ಒಂದು ಗಂಟೆ ಬಿಡೋದು. ಮೂರು ಮಡಿಕೆದು ತಗೊಳಿ ಅನ್ನೋದು ಇದಕ್ಕೇ, ಅದೇ ತ್ರಿಕೋನವಾಗಿ ನಿಂತ್ಕೊಳ್ಳುತ್ತೆ.

ಹೊದಿಕೆ ವಿಷಯದಲ್ಲಿ ಕೊರಿಯಾದವರಿಗೆ ಕೈಮುಗೀಬೇಕು. ಛಾರ್ಯೊಪ್ ಇಬುಲ್ ಅಂತ ಸಿಗುತ್ತೆ (ಇಬುಲ್ ಅಂದ್ರೆ ಹೊದಿಕೆ), ಒಳಗಿನ ಹತ್ತಿಗೂ ಮೇಲಿನ ಬಟ್ಟೆಗೂ ಸೇರಿಸಿ ಹೊಲಿದಿರ್ತಾರೆ, ಕವರ್ ಹಾಕೋ ತೆಗೆಯೋ ರಗಳೆ ಇಲ್ಲ, ಹಂಗೇ ಕಾಯಿನ್ ಲಾಂಡ್ರಿ ದೊಡ್ಡ ಮೆಶಿನ್ನಿಗೆ ಹಾಕಿ ಒಗೆದು ಒಣಗಿಸ್ಕೊಂಡು ಬರಬಹುದು. ಬೇಸಿಗೆಗೆ ಇನ್‌ಗ್ಯೊನ್, ಅದು ರೇಯಾನ್ ಬಟ್ಟೆ, ಪುಂಗ್‌ಗಿ ಅನ್ನೋ ಊರಿಂದು ಹೆಸರುವಾಸಿ, ಮುಟ್ಟಿದ್ರೆ ತಣ್ಣಗೆ, ಮೈಗೆ ಅಂಟಲ್ಲ. ಆದ್ರೆ ಡ್ರೈಯರ್‌ಗೆ ಹಾಕಲೇಬೇಡಿ, ಮುದುರಿ ಚಿಕ್ಕದಾಗುತ್ತೆ. ಚಳಿಗಾಲಕ್ಕೆ ಎಲ್ಲರೂ ಹೊಗಳೋ ಮೈಕ್ರೋಫೈಬರ್ ನನಗೆ ಆಗಿಬರಲಿಲ್ಲ, ಬೆಚ್ಚಗೇನೋ ಇರುತ್ತೆ ಆದ್ರೆ ಒಣ ಹವೆಗೆ ಚಟಚಟ ಅಂತ ಕರೆಂಟು ಹೊಡಿಯುತ್ತೆ. ಲೇಬಲಲ್ಲಿ ಹತ್ತಿ 100% ಅಂತಿದೆಯಾ ನೋಡಿ.

ಅಂಗಡೀಲಿ ಮುಟ್ಟಿ ನೋಡಿ ತಗೋಬೇಕು ಅನ್ನೋರು ಸುವೊನ್‌ನಿಂದ ಒಂದನೇ ಲೈನ್ ಟ್ರೈನ್ ಹತ್ತಿ ಸೀದಾ ಸಿಯೋಲ್‌ನ ಜೊಂಗ್ನೊ 5-ಗಾ ಸ್ಟೇಷನ್‌ನಲ್ಲಿ ಇಳಿದು ಗ್ವಾಂಗ್‌ಜಾಂಗ್ ಮಾರ್ಕೆಟ್‌ಗೆ ಹೋಗಿ, ಇಲ್ಲಾಂದ್ರೆ ಮುಂದಿನ ಸ್ಟೇಷನ್ ಡೊಂಗ್‌ಡೇಮುನ್‌ಗೆ. ಭಾನುವಾರ ಬಟ್ಟೆ ಅಂಗಡಿಗಳು ಮುಚ್ಚಿರುತ್ತೆ, ಶನಿವಾರ ಬೆಳಿಗ್ಗೆ ಹೋಗಿ. ಅಂಗಡಿಯಮ್ಮನ್ನ ಸಾಜಾಂಗ್‌ನಿಮ್ (ಓನರ್ ಅವರೇ) ಅಂತ ಕರೀರಿ, ಅಜುಮ್ಮಾ (ಆಂಟಿ) ಅನ್ನಬೇಡಿ, ಫರಕು ರೇಟಲ್ಲೇ ಗೊತ್ತಾಗುತ್ತೆ. ನನಗೆ ಒಬ್ರು ಛಾರ್ಯೊಪ್‌ದು ಒಂದು ಮೂಲೆ ಹಿಡ್ಕೊಂಡು ಬೆಳಕಿಗೆ ತೋರಿಸಿ, ಒಳಗೆ ಹತ್ತಿ ಒಂದೇ ಕಡೆ ಗಂಟು ಕಟ್ಟಿದ್ರೆ ಕಪ್ಪಗೆ ಕಾಣುತ್ತೆ, ಹೊಲಿಗೆ ಚೌಕ ಚಿಕ್ಕದಿದ್ದಷ್ಟೂ ಗಂಟಾಗಲ್ಲ ಅಂತ ಹೇಳಿಕೊಟ್ರು. ಇವತ್ತಿಗೂ ಹಂಗೇ ನೋಡಿ ತಗೋತೀನಿ.

ಇಲ್ಲಿ ಸುಲಭಕ್ಕೆ ಸಿಗದೇ ಇರೋದು ನಮ್ಮ ಥರ ಸಾದಾ ಬೆಡ್‌ಶೀಟ್. ಇವ್ರು ಮೇಲೆ ಹಾಸೋದು ಎಲಾಸ್ಟಿಕ್ ಇರೋ ಪ್ಯಾಡು. ಊರಿಂದ 90x100 ಇಂಚಿನ ಕಾಟನ್ ಶೀಟ್ ಒಂದೆರಡು ಸೂಟ್‌ಕೇಸಿಗೆ ಹಾಕ್ಕೊಳ್ಳಿ, ಇಲ್ಲಿನ ಕ್ವೀನ್ ಸೈಜಿಗೂ ಧಾರಾಳ ಆಗುತ್ತೆ. ದಿಂಬಿನ ಕವರ್ ಮಾತ್ರ ತರಬೇಡಿ, ಇಲ್ಲಿನ ದಿಂಬು 50x70, ನಮ್ಮ ಕವರಲ್ಲಿ ತುರುಕೋದ್ರೊಳಗೆ ಸುಸ್ತು.

ಎಲೆಕ್ಟ್ರಿಕ್ ಮ್ಯಾಟ್ ತಗೊಳ್ಳೋರು ಕೆಸಿ ಮಾರ್ಕ್ (ಕೊರಿಯಾದ ಸುರಕ್ಷತಾ ಗುರುತು) ನೋಡಿ, ಮತ್ತೆ ಅದನ್ನ ಲೇಟೆಕ್ಸ್ ಅಥವಾ ಮೆಮೊರಿ ಫೋಮ್ ಮೇಲೆ ಹಾಸಬೇಡಿ, ಬಿಸಿ ಹೊರಗೆ ಹೋಗದೆ ಬೆಂಕಿ ಹತ್ತೋ ಅಪಾಯ ಇದೆ. ನಾನು ತಗೊಂಡ ಒಂದು ಮ್ಯಾಟ್ ಮುಂದಿನ ಚಳಿಗಾಲ ನೋಡಲೇ ಇಲ್ಲ, ವೈರ್ ಮಡಚಿದ ಜಾಗದಲ್ಲಿ ಸತ್ತುಹೋಯ್ತು. ಒಂದೊಲ್ ಇರೋ ಮನೇಲಿ ಅದು ಬೇಕೇ ಬೇಕು ಅಂತ ನನಗನ್ನಿಸಲ್ಲ, ಮಂಚದ ಮೇಲೆ ಮಲಗೋರಾದ್ರೆ ಬೇರೆ ಮಾತು.

ಊರಿಗೆ ವಾಪಸ್ ಹೊರಡೋರು ಹಳೇ ಮ್ಯಾಟ್ರೆಸ್ ಸುಮ್ನೆ ಬೀದೀಲಿಟ್ಟು ಹೋಗೋ ಹಾಗಿಲ್ಲ, ದಂಡ ಬೀಳುತ್ತೆ. ದೊಂಗ್ ಆಫೀಸಲ್ಲಿ, ಅಂದ್ರೆ ನಮ್ಮ ವಾರ್ಡ್ ಆಫೀಸ್ ಥರದ್ದರಲ್ಲಿ, ದುಡ್ಡು ಕಟ್ಟಿ ಸ್ಟಿಕರ್ ತಂದು ಅಂಟಿಸಬೇಕು. ಬೀದೀಲಿರೋ ಹಳೇ ಬಟ್ಟೆ ಹಾಕೋ ಡಬ್ಬಕ್ಕೆ ಹತ್ತಿ ತುಂಬಿದ ಇಬುಲ್ ತುರುಕಬೇಡಿ, ಅದನ್ನ ಅವ್ರು ತಗೊಳಲ್ಲ. ಟಾಪರ್ ಚೆನ್ನಾಗಿದ್ರೆ ಹೊಸದಾಗಿ ಬರೋರಿಗೆ ಕೊಟ್ಬಿಡಿ, ನನ್ನದಕ್ಕೆ ಆಗ್ಲೇ ಒಬ್ಬರು ಹೇಳಿಟ್ಟಿದಾರೆ.